ದಾವಲಸಾಬ ನನ್ನ ಕೈ ಹಿಡಿದಿರಲಿಲ್ಲ

ಗಳಗನಾಥದ ಹೊಳೆದಂಡೆಯಲ್ಲಿ ಫೋಟೋ ತೆಗೆಯುತ್ತಿದ್ದ ದಾವಲಸಾಬ ನನ್ನ ಕೈ ಹಿಡಿದ ಎಂದು ನಾನು ಹತ್ತಾರು ಮಂದಿಯ ಎದುರು ಹೇಳಿದೆ. ಅದು ಸುಳ್ಳು. ಅವನು ನನ್ನ ಕೈ ಹಿಡಿದಿರಲಿಲ್ಲ. ನನ್ನ ಸೆರಗು ಕೂಡ ಅವನಿಗೆ ತಾಕಿರಲಿಲ್ಲ. ಆ ಒಂದು ಮಾತಿಗೆ ಅವನ ಬಲಗೈ ಹೋಯಿತು, ಕಸುಬು ಹೋಯಿತು, ಊರಿನಲ್ಲಿದ್ದ ಹೆಸರು ಹೋಯಿತು. ನನ್ನದು ಏನೂ ಹೋಗಲಿಲ್ಲ — ಹೋಗದಿರಲಿ ಎಂದೇ ಹೇಳಿದ ಸುಳ್ಳು ಅದು. ಇಷ್ಟನ್ನು ಕಾಗದದ ಮೇಲೆ ಬರೆಯಲು ನನಗೆ ಹದಿನೈದು ವರ್ಷ ಹಿಡಿಯಿತು.

ನನ್ನ ಹೆಸರು ವಿಮಲಾ. ಬ್ಯಾಡಗಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ತವರು ರಾಣೇಬೆನ್ನೂರು. ಹತ್ತೊಂಬತ್ತಕ್ಕೆ ಮದುವೆಯಾಗಿ ಬ್ಯಾಡಗಿಗೆ ಬಂದೆ. ಮಾವನವರದು ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವಂಥ ಮನೆ. ನನಗೆ ಇಪ್ಪತ್ತೆರಡು ತುಂಬಿದ ವರ್ಷ ಯಜಮಾನರು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ತೀರಿಕೊಂಡರು. ಮಗಳು ಸುಧಾ ಆಗ ಎಂಟು ತಿಂಗಳ ಕೂಸು.

ಅತ್ತೆ ಮಾವ ನನ್ನನ್ನು ಕೆಟ್ಟದಾಗಿ ನಡೆಸಿಕೊಂಡರು ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಉಣ್ಣಲು ಉಡಲು ಕೊಟ್ಟರು. ಶಿಕ್ಷಕಿಯ ಕೆಲಸ ಸಿಕ್ಕಾಗ ಹೋಗು ಎಂದರು. ಆದರೆ ಆ ಮನೆಯಲ್ಲಿ ಕೆಲವು ಸಂಗತಿಗಳನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ತಿಳಿದುಕೊಳ್ಳಬೇಕಿತ್ತು. ಹಣೆ ಬೋಳು, ಕೈ ಬೋಳು, ಮೈಮೇಲೆ ಬಣ್ಣ ಮಾಸಿದ ಸೀರೆ. ಶುಭಕಾರ್ಯವಿದ್ದಾಗ ಒಳಮನೆ. ಒಮ್ಮೆ ಮಗಳ ಜಡೆಗೆ ಹೂವು ಮುಡಿಸಿ ಕೈಯ ವಾಸನೆ ನೋಡಿಕೊಂಡಿದ್ದೆ. ಅತ್ತೆ ಸುಮ್ಮನೆ ನೋಡಿದರು. ಆ ನೋಟ ಸಾಕಾಗುತ್ತಿತ್ತು.

ನನಗೆ ಇಪ್ಪತ್ತಾರು ವರ್ಷವಾಗಿದ್ದಾಗಿನ ಸಂಕ್ರಾಂತಿ ಅದು. ತಾಯಿಗೆ ಮೈಯಲ್ಲಿ ಚೆನ್ನಾಗಿಲ್ಲ ಎಂದು ಹೇಳಿ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ರಾಣೇಬೆನ್ನೂರಿಗೆ ಹೋದೆ. ತಾಯಿ ಚೆನ್ನಾಗಿಯೇ ಇದ್ದಳು. ನನ್ನ ಜೊತೆ ಓದಿದ ಕಸ್ತೂರಿ ಅಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಹಬ್ಬಕ್ಕೆ ಬುತ್ತಿ ಕಟ್ಟಿಕೊಂಡು ಗಳಗನಾಥಕ್ಕೆ, ಹೊಳೆಗೆ ಹೋಗೋಣ ಎಂದು ಅವಳು ಕರೆದಿದ್ದಳು. ಅಷ್ಟು ಮಾತ್ರ ಅವಳು ಕರೆದದ್ದು. ಉಳಿದದ್ದು ನನ್ನದೇ ಹಂಬಲ. ಅವಳ ಹಸಿರು ಇಳಕಲ್ ಸೀರೆಯನ್ನು ನಾನೇ ಕೇಳಿ ಉಟ್ಟೆ. ಡಜನ್ ಹಸಿರು ಬಳೆ ನಾನೇ ಕೊಂಡೆ. ನಾಲ್ಕು ವರ್ಷ ಬಳೆ ಕಾಣದ ಕೈ, ಅವನ್ನು ಏರಿಸಲು ಸೋಪು ಹಚ್ಚಬೇಕಾಯಿತು. ತಲೆ ತುಂಬ ಸೇವಂತಿಗೆ. ಕೊನೆಗೆ ಕನ್ನಡಿಯ ಮುಂದೆ ನಿಂತು ಕುಂಕುಮ — ಸ್ವಲ್ಪ ಓರೆಯಾಯಿತು. ಕಸ್ತೂರಿ ಅದನ್ನು ಒರೆಸಿ ಸರಿಯಾಗಿ ಹಚ್ಚಿದಳು.

"ಯಾರರ ನೋಡಿದ್ರ?" ಎಂದಳು.

"ಗಳಗನಾಥದಾಗ ನನ್ನ ಯಾರ ಗುರುತ ಹಿಡೀತಾರ?" ಎಂದೆ.

ಯಾವ ಗಂಡಸಿಗಾಗಿಯೂ ಅಲ್ಲ. ಇದನ್ನು ನಂಬುವವರು ನಂಬಲಿ. ಒಂದೇ ಒಂದು ದಿನ, ನನ್ನನ್ನು ನೋಡಿದವರ ಕಣ್ಣಲ್ಲಿ ಅಯ್ಯೋ ಪಾಪ ಎಂಬುದು ಇರಬಾರದು ಎನ್ನುವ ಆಸೆ. ಇಷ್ಟೇ. ಆ ಆಸೆಯಲ್ಲಿ ತಪ್ಪಿತ್ತೆಂದು ನಾನು ಇವತ್ತಿಗೂ ಅಂದುಕೊಳ್ಳುವುದಿಲ್ಲ. ತಪ್ಪು ಆಮೇಲಿನದು.

ಹಾವೇರಿಯಲ್ಲಿ ಬಸ್ಸು ಬದಲಿಸಿ ಗಳಗನಾಥ ಮುಟ್ಟುವಾಗ ಬಿಸಿಲು ಏರಿತ್ತು. ದೇವಸ್ಥಾನದ ಸುತ್ತ, ಹೊಳೆಯ ದಂಡೆಯ ಉದ್ದಕ್ಕೂ ಜನ. ಸ್ನಾನ ಮಾಡುವವರು, ಸಜ್ಜಿ ರೊಟ್ಟಿ ಎಣ್ಣೆಗಾಯಿ ಬಿಚ್ಚಿ ಕೂತವರು, ಎಳ್ಳು ಬೆಲ್ಲ ಹಂಚುವವರು. ಒಬ್ಬ ಮುದುಕಿ ನನ್ನನ್ನು ಕರೆದು ಉಡಿಯಲ್ಲಿ ಒಂದು ಹಿಡಿ ಎಳ್ಳು ಹಾಕಿ "ನೂರ ವರ್ಷ ಮುತ್ತೈದಿಯಾಗಿ ಬಾಳ ನನ್ನವ್ವ" ಎಂದಳು. ನಾನು ಬಗ್ಗಿ ಅವಳ ಕಾಲು ಮುಟ್ಟಿದೆ. ಏಳುವಾಗ ಕಸ್ತೂರಿಯ ಮುಖ ನೋಡಲು ಆಗಲಿಲ್ಲ.

ಹೊಳೆಯಲ್ಲಿ ದೊಡ್ಡದೊಂದು ಮರದ ದೋಣಿ ಜನರನ್ನು ತುಂಬಿಕೊಂಡು ಸುತ್ತು ಹಾಕಿಸಿ ತರುತ್ತಿತ್ತು. ನಾವೂ ಹತ್ತಿದೆವು. ಆ ದೋಣಿಯ ಮೂತಿಯಲ್ಲಿ, ಜನರ ಕಡೆ ಮುಖ ಮಾಡಿ, ಕಾಲು ಅಗಲಿಸಿ ನಿಂತಿದ್ದವನೇ ದಾವಲಸಾಬ. ತೆಳ್ಳಗಿನ ಆಳು, ನನಗಿಂತ ಒಂದೆರಡು ವರ್ಷ ದೊಡ್ಡವನಿದ್ದಾನು. ಕೊರಳಲ್ಲಿ ಕ್ಯಾಮೆರಾ, ಅಂಗಿಯ ಕಿಸೆಯಲ್ಲಿ ವಿಳಾಸ ಬರೆದುಕೊಳ್ಳುವ ಸಣ್ಣ ನೋಟ್‌ಬುಕ್ಕು. ಯಾರನ್ನೂ ಕೇಳುತ್ತಿರಲಿಲ್ಲ, ಮೊದಲು ಫೋಟೋ ಹೊಡೆಯುವುದು, ಆಮೇಲೆ ಬೆನ್ನು ಹತ್ತುವುದು.

"ಇತ್ಲಾಗ ನೋಡ್ರಿ ಅಕ್ಕಾರ! ಕಾಕಾ, ಪಟಗಾ ಸರಿ ಮಾಡ್ಕೋರಿ! ನಗ್ರಿ, ನಗಾಕೇನ ಬಾಡಗಿ ಕೊಡಬೇಕೇನ್ರಿ?"

ಒಬ್ಬ ಹಿರಿಯರು "ಬ್ಯಾಡಂದ್ರೂ ಬಿಡವಲ್ಲಲ್ಲೋ, ನೊಣಾ ಇದ್ದಂಗ ಅದಿ" ಎಂದು ಬೈದರು. ಅವನು ಅವರದೂ ಒಂದು ಹೊಡೆದು "ಬೈಯೂದ ಭಾಳ ಚಂದ ಬಂದೈತ್ರಿ" ಎಂದ. ದೋಣಿಯೆಲ್ಲ ನಕ್ಕಿತು. ಹುಟ್ಟು ಹಾಕುತ್ತಿದ್ದ ಅಂಬಿಗ "ಏ ಸಾಬಾ, ದೋಣಿ ತೂಗ್ಯಾಡಾಕತ್ತೈತಿ, ಕುಂದರೋ ಮಾರಾಯಾ" ಎಂದು ಕೂಗಿದ. ನಾನೂ ನಕ್ಕೆ. ತಲೆ ಎತ್ತಿ, ಬಾಯಿ ತುಂಬ, ನಾಲ್ಕು ವರ್ಷದಲ್ಲಿ ನಕ್ಕಿರದ ಹಾಗೆ ನಕ್ಕೆ — ಆ ಗಳಿಗೆಯಲ್ಲಿ ಕ್ಯಾಮೆರಾ ನನ್ನ ಕಡೆ ತಿರುಗಿ ಕ್ಲಿಕ್ ಎಂದಿತು.

ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ, ಆದರೆ ತಡವಾಗಿತ್ತು.

ದಂಡೆ ಮುಟ್ಟಿದಾಗ ಗಡಿಬಿಡಿಯಲ್ಲಿ ಇಳಿಯಹೋಗಿ ದೋಣಿಯ ಅಂಚಿಗೆ ಕೈ ಬಡಿಯಿತು. ಎರಡು ಬಳೆ ಒಡೆದು ಮುಂಗೈಗೆ ಚುಚ್ಚಿದವು. ಸೆರಗಿನಿಂದ ಒತ್ತಿಕೊಂಡು ಮೆಟ್ಟಿಲು ಏರಿದೆ. ಹಿಂದೆಯೇ ಅವನು ಬಂದ.

"ಅಕ್ಕಾರ, ಅಡ್ರೆಸ್ ಹೇಳ್ರಿ. ಹದಿನೈದ ದಿನಕ್ಕ ಟಪಾಲಿನ್ಯಾಗ ಬರ್ತೈತಿ."

"ಬ್ಯಾಡ್ರಿ."

"ಹಂಗ ಅನಬ್ಯಾಡ್ರಿ. ಇವತ್ತ ಹೊಡದಿದ್ರಾಗ ನಿಮ್ಮದ ಭಾರೀ ಬಂದೈತಿ. ಮನ್ಯಾಗ ಯಜಮಾನ್ರ ನೋಡಿದ್ರ ಎರಡ ಕಾಪಿ ಕೇಳ್ತಾರ ನೋಡ್ರಿ."

"ಬ್ಯಾಡಂದ್ನೆಲ್ಲಾ!"

ನಾನು ಬಿರುಸಾಗಿ ನಡೆದೆ. ಅವನೂ ನಡೆದ. ಬೇವಿನ ಗಿಡದ ಕೆಳಗೆ ಒಂದು ಹಲಗೆ ನಿಲ್ಲಿಸಿದ್ದ. ಅದರ ತುಂಬ ಹಿಂದಿನ ಸಲ ಬಂದವರ ಫೋಟೋ, ಯಾರೂ ಕೊಳ್ಳದೆ ಉಳಿದವು. ಅದನ್ನು ತೋರಿಸಿ, "ನೀವ ಒಯ್ಯಲಿಲ್ಲಂದ್ರ ಇಲ್ಲೆ ಹಾಕ್ತೇನ್ರಿ. ಹಾವೇರಿ ಬಸ್‌ಸ್ಟ್ಯಾಂಡಿನ ಬಾಜೂಕ ನನ್ನ ಅಂಗಡಿ ಐತಿ, ಅಲ್ಲೂ ಹಾಕ್ತೇನಿ. ಗುರುತಿನವ್ರ ಯಾರರ ನೋಡಿ ಹೇಳ್ತಾರ" ಎಂದ. ಬೆದರಿಸಬೇಕೆಂದು ಹೇಳಿದ್ದಲ್ಲ ಅದು. ಎಲ್ಲರಿಗೂ ಹೇಳುವ ಹಾಗೆ, ವ್ಯಾಪಾರದ ಹುರುಪಿನಲ್ಲಿ ಹೇಳಿದ. ಆದರೆ ಹಾವೇರಿ ಬಸ್‌ಸ್ಟ್ಯಾಂಡ್! ಮಾವನವರ ಅಂಗಡಿಗೆ ಬರುವ ಅರ್ಧ ಜನ ದಾಟುವ ಜಾಗ. ಹಸಿರು ಬಳೆ, ಕುಂಕುಮ, ಹಲ್ಲು ಕಾಣುವ ನಗು. ಯಾರೋ ನೋಡಿ, ಯಾರಿಗೋ ಹೇಳಿ — ಮನೆಯಿಂದ ಹೊರಗೆ ಹಾಕಿದರೆ ಸುಧಾಳನ್ನು ನನ್ನ ಜೊತೆ ಕಳಿಸುವರೆ?

ನಿಂತುಬಿಟ್ಟೆ. ಕಸ್ತೂರಿ ಬುತ್ತಿಯ ಚೀಲ ತರಲು ದೇವಸ್ಥಾನದ ಕಡೆ ಹೋಗಿದ್ದಳು. ನಾನು ಅವನಿಗೆ ಸಣ್ಣ ದನಿಯಲ್ಲಿ ಹೇಳಿದೆ: "ನನಗ ಗಂಡ ಇಲ್ಲರಿ. ತೀರಿಕೊಂಡಾರ. ಈ ಫೋಟೋ ಯಾರರ ನೋಡಿದ್ರ ನನ್ನ ಸಂಸಾರ ಹಾಳಾಗ್ತೈತಿ."

ಇಲ್ಲಿಂದ ಮುಂದಿನದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ — ಕಸ್ತೂರಿಗೆ ಕೂಡ.

ಅವನ ಮುಖ ಬದಲಾಯಿತು. ನಗು ಇಳಿದುಹೋಯಿತು. ನನ್ನ ಹಣೆ ನೋಡಿದವನು ತಕ್ಷಣ ಕಣ್ಣು ಕೆಳಗೆ ಹಾಕಿದ. ಒಂದು ಹೆಜ್ಜೆ ಹಿಂದೆ ಸರಿದು ನಿಂತು, "ತಪ್ಪಾತ್ರಿ ಅಕ್ಕಾರ. ಗೊತ್ತಿರ್ಲಿಲ್ಲ" ಎಂದ. "ಈಗ ರೋಲ್ ಹೊರಗ ತಗದ್ರ ಬಿಸಲಿಗೆ ಎಲ್ಲಾರ ಫೋಟೋನೂ ಸುಟ್ಟ ಹೋಗ್ತಾವ್ರಿ. ತೊಳದ ಮ್ಯಾಲ ನಿಮ್ಮದೊಂದ ತುಂಡ ಕತ್ತರಿಸಿ ಒಲಿಗೆ ಹಾಕ್ತೇನಿ. ಪ್ರಿಂಟ್ ಮಾಡೂದಿಲ್ಲ, ಯಾರಿಗೂ ಹೇಳೂದೂ ಇಲ್ಲ. ಅಲ್ಲಾನ ಆಣಿ."

ಅಷ್ಟು ಸಾಕಿತ್ತು. ಅವನು ಒಪ್ಪಿದ್ದ. ಆಣೆ ಇಟ್ಟಿದ್ದ. ನಾನು ತಲೆಯಾಡಿಸಿ ಬಂದಿದ್ದರೆ —

ಆದರೆ ನನಗೆ ಅವನ ಮೇಲೆ ನಂಬಿಕೆ ಹುಟ್ಟಲಿಲ್ಲ. ಬೇಡವೆಂದರೂ ಬೆನ್ನು ಬಿಡದವನು, ಈಗಷ್ಟೇ ಹಲಗೆಗೆ ಹಾಕುತ್ತೇನೆ ಅಂದವನು. ಅವನ ಅಂಗಡಿಯ ಕತ್ತಲಕೋಣೆಯಲ್ಲಿ ನನ್ನ ಮುಖ ಎಷ್ಟೋ ದಿನ ಬಿದ್ದಿರುತ್ತದೆ. ಈಗಲೇ ತೆಗೆ ಎಂದೆ. ಅವನು "ಮಂದೀದೂ ಐತ್ರಿ ಇದ್ರಾಗ, ಹೊಸಾ ಮದುವಿ ಜೋಡಿದ ಐತಿ, ನಾ ಹೆಂಗ..." ಎನ್ನುವಷ್ಟರಲ್ಲಿ ನಾನು ಕೈ ಚಾಚಿ ಅವನ ಕೊರಳಿನ ಕ್ಯಾಮೆರಾದ ಪಟ್ಟಿ ಹಿಡಿದು ಜಗ್ಗಿದೆ. ಹೌದು, ಹಿಡಿದವಳು ನಾನು. ಅವನು ಎರಡೂ ಕೈಯಿಂದ ಕ್ಯಾಮೆರಾ ಎದೆಗೆ ಅವಚಿಕೊಂಡ. ಜಗ್ಗಾಟದಲ್ಲಿ ನನ್ನ ಸೆರಗು ಸರಿದು ಮುಂಗೈ ಕಂಡಿತು. ಒಡೆದ ಬಳೆ, ರಕ್ತ.

ಊಟಕ್ಕೆ ಕೂತಿದ್ದ ನಾಲ್ಕೈದು ಗಂಡಸರು ಎದ್ದು ಬಂದರು, ಅವರ ಹಿಂದೆ ಇನ್ನಷ್ಟು ಜನ. ಒಬ್ಬ ನನ್ನ ಕೈ ನೋಡಿ, ಅವನ ಮುಖ ನೋಡಿ, "ಏನಾತ್ರಿ ಅಕ್ಕಾರ?" ಎಂದು ಕೇಳಿದ.

ಏನೂ ಇಲ್ಲ ಎಂದು ಹೇಳಬಹುದಿತ್ತು. ಬಳೆ ದೋಣಿಗೆ ಬಡಿದು ಒಡೆಯಿತು ಎಂದು ಹೇಳಬಹುದಿತ್ತು. ನಾನು ಹೇಳಿದ್ದು ಇಷ್ಟು:

"ಇಂವಾ ನನ್ನ ಕೈ ಹಿಡದಾ."

ಹೇಳುವಾಗ ನನಗೆ ಗೊತ್ತಿತ್ತು. ಭಯದಲ್ಲಿ ಬಾಯಿ ಜಾರಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಅವನನ್ನು ಬಡಿಯುತ್ತಾರೆ, ಕ್ಯಾಮೆರಾ ಒಡೆಯುತ್ತಾರೆ, ಒಡೆದರೆ ಫಿಲ್ಮು ಹಾಳಾಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಷ್ಟನ್ನೂ ಎಣಿಸಿ ಹೇಳಿದ ಮಾತು ಅದು.

ಮೊದಲ ಏಟಿಗೆ ಅವನು ಕೂತ. "ಇಲ್ರಿ, ನಾ ಮುಟ್ಟಿಲ್ರಿ" ಎಂದ. ಆಗ ಹಿಂದಿನಿಂದ ಯಾರೋ "ಫೋಟೋ ಸಾಬ ಅಲ್ಲೇನಲೇ ನೀ?" ಎಂದರು. ಆಮೇಲೆ ಬಂದ ಕೈಗಳು ಬೇರೆ ನಮೂನೆಯವು. ಕೆಲವರು ಏನಾಯಿತೆಂದು ಕೇಳಲೂ ಇಲ್ಲ. ಅವನ ಜಾತಿಯನ್ನು ನಾನು ಎತ್ತಿರಲಿಲ್ಲ. ಎತ್ತುವ ಅಗತ್ಯ ಬೀಳುವುದಿಲ್ಲ ಎಂಬುದೂ ನನಗೆ ತಿಳಿಯದ್ದೇನಲ್ಲ. ದೋಣಿಯಲ್ಲಿ ಅಂಬಿಗ ಕೂಗಿದಾಗಲೇ ಅದು ಕಿವಿಗೆ ಬಿದ್ದಿತ್ತು.

ಕೆಳಗೆ ಬಿದ್ದವನು ಜನರ ಕಾಲುಗಳ ನಡುವಿನಿಂದ ನನ್ನನ್ನು ನೋಡಿದ. "ಅಕ್ಕಾರ, ಖರೇ ಹೇಳ್ರಿ" ಎಂದ. ಇನ್ನೊಮ್ಮೆ, "ಅಕ್ಕಾರ, ಖರೇ ಹೇಳ್ರಿ." ಅಷ್ಟೇ ಅಂದ. ನನ್ನ ಗುಟ್ಟು ಅವನ ಬಾಯಲ್ಲಿತ್ತು. ಇವಳು ಗಂಡ ಸತ್ತವಳು, ಕುಂಕುಮ ಹಚ್ಚಿಕೊಂಡು ಬಂದಿದ್ದಾಳೆ, ಫೋಟೋಕ್ಕೆ ಹೆದರಿ ಸುಳ್ಳು ಹೇಳುತ್ತಿದ್ದಾಳೆ — ಒಂದು ಮಾತು ಅಂದಿದ್ದರೆ ಆ ಜನವೇ ತಿರುಗಿ ನನ್ನ ಮೇಲೆ ಬರುತ್ತಿತ್ತು. ಅವನು ಅನ್ನಲಿಲ್ಲ. ಮೈಮೇಲೆ ಏಟು ಬೀಳುತ್ತಿದ್ದಾಗ ಅನ್ನಲಿಲ್ಲ. ಕ್ಯಾಮೆರಾ ಬಿಡಿಸಿಕೊಳ್ಳಲು ಒಬ್ಬನು ಅವನ ಬಲಗೈಯನ್ನು ಮೆಟ್ಟಿಲಿನ ಮೇಲಿಟ್ಟು ಕಲ್ಲು ಎತ್ತಿದಾಗಲೂ ಅನ್ನಲಿಲ್ಲ.

ಆ ಸದ್ದನ್ನು ನಾನು ಬರೆಯಲಾರೆ.

ಕ್ಯಾಮೆರಾ ಒಡೆದು ಫಿಲ್ಮನ್ನು ಬಿಸಿಲಿಗೆ ಎಳೆದು ಬಿಸಾಡಿದರು. ನಾನು ಅದನ್ನು ನೋಡಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಎದೆ ಹಗುರಾಯಿತು. ಅವನು ಅಲ್ಲಿ ಕೈ ಹಿಡಿದುಕೊಂಡು ಹೊರಳುತ್ತಿದ್ದಾಗ ನನ್ನ ಎದೆ ಹಗುರಾಯಿತು.

"ಯಾವೂರ ನಿಮ್ಮದು?" ಎಂದು ಒಬ್ಬರು ವಿಚಾರಿಸಿದರು. ಅಷ್ಟರಲ್ಲಿ ಓಡಿ ಬಂದಿದ್ದ ಕಸ್ತೂರಿ "ಹುಬ್ಬಳ್ಳಿ" ಎಂದು ಹೇಳಿ ನನ್ನನ್ನು ಎಳೆದುಕೊಂಡು ಹೋದಳು. ಬಸ್ಸಿನಲ್ಲಿ ನಾನು ಬಳೆ ಒಂದೊಂದಾಗಿ ತೆಗೆದೆ. "ಖರೇನ ಕೈ ಹಿಡದ್ನೇನ?" ಎಂದು ಅವಳು ಕೇಳಿದಳು. ಹೂಂ ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಅದಾದ ಮೇಲೆ ನಮ್ಮಿಬ್ಬರ ಸ್ನೇಹ ತಾನಾಗಿ ತೆಳುವಾಯಿತು. ಅವಳು ನಂಬಿರಲಿಲ್ಲ ಅಂತ ಕಾಣುತ್ತದೆ.

ಎರಡು ದಿನದ ಮೇಲೆ ಬ್ಯಾಡಗಿಯಲ್ಲಿ, ಬೆಳಗಿನ ಊಟಕ್ಕೆ ಕೂತ ಮಾವನವರು ಅಂಗಡಿಯಲ್ಲಿ ಕೇಳಿಬಂದ ಸುದ್ದಿ ಹೇಳಿದರು. "ಗಳಗನಾಥದಾಗ ಸಂಕ್ರಾಂತಿ ದಿವಸ ಒಬ್ಬ ಫೋಟೋದವನ್ನ ಬಡದು ಹಾಕ್ಯಾರಂತ. ಯಾರೋ ಗರತಿ ಹೆಣ್ಮಗಳ ಕೈ ಹಿಡದಿದ್ನಂತ."

"ಚಲೋ ಆತ ಬಿಡ್ರಿ" ಎಂದರು ಅತ್ತೆ. "ಅಂಥವ್ರ ಕೈ ಇರಬಾರ್ದು." ನಾನು ಮಾವನವರ ತಾಟಿಗೆ ರೊಟ್ಟಿ ಹಾಕಿದೆ. ಪಲ್ಯ ಬಡಿಸಿದೆ. ಬೋಳು ಹಣೆಯ ಸೊಸೆಯನ್ನು ಯಾರೂ ತಲೆ ಎತ್ತಿ ನೋಡಲಿಲ್ಲ.

ಮುಂದಿನ ವರ್ಷ ಶಾಲೆಯ ಕೆಲಸದ ಮೇಲೆ ಹಾವೇರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಬದಿಯ ಸಾಲಿನಲ್ಲಿ ಅವನ ಅಂಗಡಿ ಹುಡುಕಿದೆ. ಯಾಕೆ ಹುಡುಕಿದೆನೋ. ಕ್ಷಮೆ ಕೇಳಲು ಅಲ್ಲ. ಬದುಕಿದ್ದಾನೆಂದು ತಿಳಿದರೆ ನಿದ್ದೆ ಬಂದೀತು ಎಂದಿರಬೇಕು. ಆ ಅಂಗಡಿಯಲ್ಲಿ ಈಗ ಚಪ್ಪಲಿ ಮಾರುತ್ತಿದ್ದರು. ಪಕ್ಕದ ದರ್ಜಿಯನ್ನು ಕೇಳಿದೆ. ಅವರು ಹೊಲಿಗೆಯ ಮಷೀನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿದರು.

"ದಾವಲಸಾಬ? ಅಂವಾ ಇಲ್ಲರಿ ಈಗ. ಬಲಗೈ ಬೊಟ್ಟ ಮಡಚಾಕ ಬರೂದಿಲ್ಲ. ಕೈ ಹೋಗಲಿ, ಹೆಸರ ಕೆಟ್ಟಿತಲ್ರೀ. ಮದುವಿ ಮನಿಗೆ ಫೋಟೋಕ್ಕ ಹೋದ್ರ ಹೆಣ್ಮಕ್ಕಳ ನಡುವ ಓಡ್ಯಾಡಬೇಕು. ಅಂಥ ಮಾತ ಬಂದವನ್ನ ಯಾರ ಕರೀತಾರ?" ಆಮೇಲೆ, "ಸಣ್ಣಾಂವ ಇದ್ದಾಗಿಂದ ನೋಡೇನ್ರಿ ಅವನ್ನ. ಬಾಯಿ ಜೋರು, ಖರೇ. ಬೆನ್ನ ಹತ್ತಿದ್ರ ಬಿಡೂದಿಲ್ಲ, ಅದೂ ಖರೇ. ಆದ್ರ ಅಂಥಾಂವ ಅಲ್ಲ" ಎಂದರು. ಎಲ್ಲಿಗೆ ಹೋದ ಎಂದೆ. "ಬ್ಯಾಡಗಿ ಪ್ಯಾಟ್ಯಾಗ ಹಮಾಲಿ ಮಾಡ್ತಾನಂತ."

ಬ್ಯಾಡಗಿ. ನನ್ನ ಊರು.

ಅದಾದ ಮೇಲೆ ನಾನು ಪೇಟೆಯ ಕಡೆ ಹೋಗುವುದನ್ನೇ ಬಿಟ್ಟೆ. ಆದರೂ ಎಷ್ಟು ದಿನ ತಪ್ಪಿಸಿಕೊಳ್ಳಲಾದೀತು? ಹಂಗಾಮಿನ ಒಂದು ಮಧ್ಯಾಹ್ನ ಮಾವನವರಿಗೆ ಔಷಧಿ ಮುಟ್ಟಿಸಲು ಅಂಗಡಿಗೆ ಹೋಗಬೇಕಾಯಿತು. ಎಲ್ಲೆಲ್ಲೂ ಕೆಂಪು ರಾಶಿ, ಘಾಟು, ಸೀನು. ಚೀಲ ಹೊತ್ತು ಸಾಲಾಗಿ ಬರುತ್ತಿದ್ದ ಹಮಾಲರಲ್ಲಿ ಒಬ್ಬ ಎಡಗೈಯಿಂದ ಚೀಲ ಹಿಡಿದಿದ್ದ. ಬಲಗೈಯನ್ನು ಕಟ್ಟಿಗೆಯ ಹಾಗೆ ಬರೀ ಆನಿಸಿದ್ದ. ತಲೆ ಎತ್ತಿ ನೋಡಿದ. ಬಣ್ಣವಿಲ್ಲದ ಸೀರೆಯಲ್ಲಿ, ಬೋಳು ಹಣೆಯಲ್ಲಿ ನನ್ನನ್ನು ಅವನು ಗುರುತು ಹಿಡಿಯಲಾರ ಎಂದು ಒಂದು ಕ್ಷಣ ಅಂದುಕೊಂಡೆ. ಹಿಡಿದ. ಅವನ ಹೆಜ್ಜೆ ತಪ್ಪಿತು. ನಾನು ಯಾವ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೇನೆ, ಯಾರ ಮನೆಯ ಸೊಸೆ ಎಂಬುದೆಲ್ಲ ಅವನಿಗೆ ಆಗ ತಿಳಿದುಹೋಯಿತು. ಅವನು ಕಣ್ಣು ಕೆಳಗೆ ಹಾಕಿ, ಚೀಲ ಹೊತ್ತು, ನನ್ನ ಪಕ್ಕದಿಂದ ದಾಟಿಹೋದ.

ಹತ್ತು ವರ್ಷ ಅವನು ಅದೇ ಪೇಟೆಯಲ್ಲಿ ದುಡಿದ. ಹತ್ತು ವರ್ಷವೂ ನನ್ನ ವಿಷಯ ಯಾರ ಮುಂದೆಯೂ ತೆಗೆಯಲಿಲ್ಲ.

ಮಾವನವರು ತೀರಿಕೊಂಡರು. ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಒಂದು ದಿನ ತಲೆ ಬಾಚುತ್ತಿದ್ದಾಗ ನನ್ನ ಕೈ ಹಿಡಿದು, "ನೀ ಭಾಳ ಸಣ್ಣಾಕಿ ಇದ್ದಿ ಆಗ. ನಾವ ನಿನಗ ಒಂದ ಹೂವರ ಮುಡ್ಕೋ ಅನ್ನಬೇಕಿತ್ತ ವಿಮಲಾ" ಎಂದು ಅತ್ತರು. ನಾನೂ ಅತ್ತೆ. ಅವರು ಅಂದುಕೊಂಡ ಕಾರಣಕ್ಕಲ್ಲ. ಆವತ್ತು ಆ ಫೋಟೋ ನೋಡಿದ್ದರೆ ಇವರು ನನ್ನನ್ನು ಹೊರಗೆ ಹಾಕುತ್ತಿದ್ದರೋ ಇಲ್ಲವೋ, ಈಗ ಯಾರು ಹೇಳಬೇಕು? ಹಾಕುತ್ತಿದ್ದರು ಎಂದೇ ಇಟ್ಟುಕೊಂಡರೂ ನನ್ನ ಮನೆ ಉಳಿಸಿಕೊಳ್ಳಲು ಇನ್ನೊಬ್ಬರ ಕೈ ಕೊಡುವ ಹಕ್ಕು ನನಗೆಲ್ಲಿತ್ತು? ಅವರು ಸತ್ತ ಮೇಲೆ ನನಗೆ ಹೆದರಲು ಯಾರೂ ಉಳಿದಿರಲಿಲ್ಲ. ಆದರೂ ಎರಡು ವರ್ಷ ಸುಮ್ಮನಿದ್ದೆ. ಹೆದರಿಕೆ ಬರೀ ಅವರದಾಗಿರಲಿಲ್ಲ ಎಂದು ಆಗ ಗೊತ್ತಾಯಿತು.

ದಾವಲಸಾಬನಿಗೆ ಎದೆಯ ಬೇನೆ ಎಂದು ಸುದ್ದಿ ಬಂದಾಗ ಹೋದೆ. ಸ್ಟೇಷನ್ನಿನ ಆಚೆಯ ಓಣಿಯಲ್ಲಿ ಒಂದೇ ಕೋಣೆಯ ಮನೆ. ಬಾಗಿಲಲ್ಲಿ ಅವನ ಹೆಂಡತಿ ಬೀಬಿಜಾನ ಮೆಣಸಿನಕಾಯಿಯ ರಾಶಿ ಮುಂದಿಟ್ಟುಕೊಂಡು ತೊಟ್ಟು ಬಿಡಿಸುತ್ತಿದ್ದಳು. ಶಾಲೆಯ ಅಕ್ಕಾರು ಬಂದಿದ್ದಾರೆಂದು ಎದ್ದು ಕೈ ಒರೆಸಿಕೊಂಡು ಒಳಗೆ ಕರೆದಳು. ಗೋಡೆಗೆ ಒರಗಿ ಕೂತಿದ್ದವನು ನನ್ನನ್ನು ನೋಡಿ ಅಚ್ಚರಿಪಡಲಿಲ್ಲ.

"ಕುಂದರ್ರಿ" ಎಂದ.

ನೆಲದ ಮೇಲೆ ಕೂತೆ. ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ಜೋಡಿಸಿಟ್ಟ ಮಾತು ಒಂದೂ ಬರಲಿಲ್ಲ. "ನಾ ಅವತ್ತ ಸುಳ್ಳ ಹೇಳಿದ್ನಿ" ಎಂದೆ. "ನೀವ ನನ್ನ ಕೈ ಹಿಡದಿರ್ಲಿಲ್ಲ."

ಅವನಿಗೆ ಕೆಮ್ಮು ಬಂತು. ನಿಲ್ಲಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಮೆಲ್ಲಗೆ, "ಅದನ್ನ ನನಗ ಯಾಕ ಹೇಳ್ತೀರಿ ಅಕ್ಕಾರ? ನಾ ಅಲ್ಲೇ ಇದ್ನೆಲ್ಲಾ" ಎಂದ.



"ನೀವ ಯಾಕ ಹೇಳ್ಲಿಲ್ರಿ ಮತ್ತ?" ಎಂದೆ. "ನನ್ನ ಸಂಗತಿ?"

"ನೀವ ನನಗ ಹೇಳಿದ್ರಿ. ನಾ ಯಾರಿಗೂ ಹೇಳೂದಿಲ್ಲಂತ ಆಣಿ ಮಾಡಿದ್ನಿ." ಅದು ತೀರ ಸಾಮಾನ್ಯ ಸಂಗತಿ ಎನ್ನುವ ಹಾಗೆ ಹೇಳಿದ. ಆಮೇಲೆ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿ ದನಿ ತಗ್ಗಿಸಿದ. "ಆಕೀಗೆ ಹೇಳ್ರಿ. ಮದುವಿಯಾಗಿ ಐದ ತಿಂಗಳಾಗಿತ್ತ ಅವಾಗ. ಇಷ್ಟ ವರ್ಷ ನನ್ನ ಕೂಡ ಬಾಳೇವು ಮಾಡ್ಯಾಳ, ಕೈಗೆ ಎಣ್ಣಿ ಹಚ್ಯಾಳ, ಚಾಕರಿ ಮಾಡ್ಯಾಳ. ಖರೇನೋ ಸುಳ್ಳೋ ಅಂತ ಒಮ್ಮೆನೂ ಕೇಳಿಲ್ಲ. ಕೇಳಿದ್ರ ಇಲ್ಲ ಅಂತಿದ್ನಿ. ಕೇಳಲೇ ಇಲ್ಲರಿ ಆಕಿ."

ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಎದ್ದೆ. ಹೊರಗೆ ಬಂದೆ. ಬೀಬಿಜಾನ ತಲೆ ಎತ್ತಿ ನಕ್ಕು, "ಚಾ ಕುಡೀಲಾರ್ದ ಹೊಂಟ್ರೇನ್ರಿ ಅಕ್ಕಾರ? ಕುಂದರ್ರಿ, ಈಗ ಮಾಡಾಕತ್ತೇನಿ" ಎಂದಳು. ಅವಳ ಬೆರಳ ತುದಿಗಳು ಖಾರಕ್ಕೆ ಸುಲಿದು ಹೋಗಿದ್ದವು. ಒಳಗೆ ಅವನು ಕಿವಿಗೊಟ್ಟು ಕೂತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಬಾಯಿ ತೆರೆದೆ.

"ಇನ್ನೊಮ್ಮೆ ಬರ್ತೇನವ್ವಾ" ಎಂದೆ.

ಹಾಗೆಂದು ಹೇಳಿ ಬಂದೆ. ಹೊಳೆದಂಡೆಯಲ್ಲಿ ಜನ ಸುತ್ತುಗಟ್ಟಿ ನಿಂತಿದ್ದರು, ನಾನು ಹೆದರಿದ್ದೆ, ವಯಸ್ಸೂ ಚಿಕ್ಕದಿತ್ತು. ಈ ಓಣಿಯಲ್ಲಿ ಯಾರಿದ್ದರು? ತೊಟ್ಟು ಬಿಡಿಸುವ ಒಬ್ಬ ಹೆಂಗಸು, ಚಹಾ ಕುಡಿದು ಹೋಗು ಎನ್ನುವವಳು. ಮೊದಲನೆಯದಕ್ಕಿಂತ ಈ ಎರಡನೆಯದೇ ನನ್ನ ನಿಜವಾದ ಅಪರಾಧ ಎಂದು ಈಗ ಅನ್ನಿಸುತ್ತದೆ. ಅವನು ನನ್ನಿಂದ ಜೀವಮಾನದಲ್ಲಿ ಕೇಳಿದ್ದು ಒಂದೇ. ಅದೂ ತನಗಾಗಿ ದುಡ್ಡಲ್ಲ, ದವಾಖಾನೆಯಲ್ಲ.

ಎಂಟು ತಿಂಗಳ ಮೇಲೆ ದಾವಲಸಾಬ ಸತ್ತ. ನನಗೆ ತಿಳಿದದ್ದು ಮಣ್ಣು ಮಾಡಿ ಬಂದ ಮೇಲೆ. ಆ ಎಂಟು ತಿಂಗಳಲ್ಲಿ ಇನ್ನೊಮ್ಮೆ ಎಂದವಳು ಒಮ್ಮೆಯೂ ಹೋಗಲಿಲ್ಲ. ಬಾಗಿಲಲ್ಲಿ ನಾನು ಬಾಯಿಬಿಡುತ್ತೇನೆ ಎಂದು ಅವನು ಎಷ್ಟು ದಿನ ಕಾದನೋ.

ಅವನು ಸತ್ತು ಎರಡು ವರ್ಷವಾಯಿತು. ಬೀಬಿಜಾನ ಮಗಳ ಜೊತೆ ಅದೇ ಕೋಣೆಯಲ್ಲಿದ್ದಾಳೆ. ಅವಳಿಗೆ ಓದು ಬಾರದು. ಇದನ್ನು ಕೊಟ್ಟು ಬರುವ ಹಾಗಿಲ್ಲ. ನಾನೇ ಎದುರು ಕೂತು ಓದಿ ಹೇಳಬೇಕು. ಅವಳ ಮಗಳು ಮನೆಯಲ್ಲಿರುವ ಹೊತ್ತಿಗೆ ಹೋಗಬೇಕು. ಆ ಹುಡುಗಿಯೂ ತಂದೆಯ ಮೇಲಿನ ಆ ಮಾತನ್ನು ಎಲ್ಲೋ ಕೇಳಿಯೇ ಬೆಳೆದಿರುತ್ತಾಳೆ. ನನ್ನ ಮಗಳು ಸುಧಾಗೆ ನಿನ್ನೆ ಓದಿ ಹೇಳಿದೆ. ಅವಳು "ನಾನೂ ಬರ್ಲೇನ?" ಎಂದಳು. ಬೇಡ ಎಂದೆ.

ಶುಕ್ರವಾರ ಹೋಗುತ್ತೇನೆ, ಶಾಲೆ ಬಿಟ್ಟ ಮೇಲೆ. ಬೀಬಿಜಾನ ಎದ್ದು ಹೋಗು ಎಂದರೆ ಎದ್ದು ಬರುತ್ತೇನೆ. ಓಣಿಯವರನ್ನೆಲ್ಲ ಕರೆದು ಇನ್ನೊಮ್ಮೆ ಓದು ಎಂದರೆ ಓದುತ್ತೇನೆ. ಅವಳು ಏನೂ ಅನ್ನದೆ ತೊಟ್ಟು ಬಿಡಿಸುತ್ತಲೇ ಕೂತರೆ — ಅದಕ್ಕೇ ನಾನು ಹೆಚ್ಚು ಹೆದರುತ್ತೇನೆ — ಕೊನೆಯ ಸಾಲಿನವರೆಗೂ ಓದಿ ಮುಗಿಸಿಯೇ ಏಳುತ್ತೇನೆ.